ಇಡದೆ ಬಿಟ್ಟ ಐದು ಚುಕ್ಕೆ

ನಮ್ಮ ಮನೆಯಲ್ಲಿ ನನ್ನ ಮೇಲಿರುವ ದೂರುಗಳಲ್ಲಿ ಎಲ್ಲಕ್ಕಿಂತ ಹಳೆಯದು ಎಂದರೆ, ನಾನು ಯಾರ ಹೆಸರನ್ನೂ ಒಂದೇ ಸಲ ಕೇಳಿ ಸುಮ್ಮನಾಗುವುದಿಲ್ಲ ಎಂಬುದು. ಕಿವಿ ಮಂದವಾಗಿರಬೇಕು ಎಂದು ನೀವು ಅಂದುಕೊಳ್ಳುತ್ತೀರಿ. ಹಾಗೇನಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದನ್ನು ಹೊರಗಿನ ಕಟ್ಟೆಯ ಮೇಲೆ ಕುಳಿತೇ ಸೊಸೆಗೆ ಹೇಳುವ ಕಿವಿ ಇದು. ಆದರೆ ಹೆಸರಿನ ಮಾತು ಬಂದರೆ ಮೂರು ಸಲ ಕೇಳಬೇಕು. ಕೇಳಿದ್ದನ್ನು ಎದುರಿನವರಿಗೆ ಅಕ್ಷರ ಬಿಡಿಸಿ ಒಪ್ಪಿಸಬೇಕು. ಆಮೇಲೂ ಜೀವಕ್ಕೆ ಸಮಾಧಾನವಿಲ್ಲ. ಹೋದ ತಿಂಗಳು ಬಿಪಿ ತೋರಿಸಲು ಹೋದಾಗ ಹೊಸ ನರ್ಸಮ್ಮ ಒಬ್ಬಳು ಬಂದಿದ್ದಳು. ಹೆಸರು ಕೇಳಿದೆ, ತೇಜಸ್ವಿನಿ ಎಂದಳು. ತೇಜಸ್ವಿನಿಯೋ ಓಜಸ್ವಿನಿಯೋ ಎಂದೆ. ಮತ್ತೆ ಹೇಳಿದಳು. ಒಂದು ಚೀಟಿಯಲ್ಲಿ ಬರೆದು ತೋರಿಸವ್ವಾ ಎಂದಾಗ, ತೋಳಿಗೆ ಪಟ್ಟಿ ಸುತ್ತುತ್ತಿದ್ದವಳು ಕೈ ನಿಲ್ಲಿಸಿ, "ಅಜ್ಜಾರ, ನನ್ನ ಹೆಸರಿಲೆ ಹೊಲ ಬರದು ಕೊಡೂ ವಿಚಾರ ಅದ ಏನ್ರಿ?" ಎಂದಳು. ಬಾಗಿಲಲ್ಲಿ ಕೂತಿದ್ದ ಮಂದಿಯೆಲ್ಲ ನಕ್ಕರು. ಆ ದಿನ ನನ್ನ ಬಿಪಿ ಏರಿಯೇ ಬಂತು.

ಈ ಚಟ ಹೇಗೆ ಅಂಟಿತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೆ ಹೇಳಬೇಕೆಂದು ನಲವತ್ತು ವರ್ಷ ಅಂದುಕೊಂಡೆ, ಅಷ್ಟರಲ್ಲಿ ಅವಳು ಹೋಗಿಬಿಟ್ಟಳು. ಈಗ ನಿಮಗೆ ಹೇಳುತ್ತಿದ್ದೇನೆ. ನೇರವಾಗಿ ಹೇಳಲು ಧೈರ್ಯ ಸಾಲದು. ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ಸೈರಿಸಿಕೊಳ್ಳಿ.

ನಮ್ಮ ಕಡೆ ಊರುಗಳೇ ಒಂದು ಹೆಸರಿಗೆ ನಿಂತವಲ್ಲ. ನಾನು ಹುಟ್ಟಿದ್ದು ಸುರಪುರದಲ್ಲಿ. ನನ್ನ ಶಾಲೆಯ ಸರ್ಟಿಫಿಕೇಟಿನಲ್ಲಿ ಅದು ಶೋರಾಪುರ. ಯಾದಗಿರಿಯನ್ನು ಉರ್ದು ಬಲ್ಲವರು ಯಾದಗೀರ್ ಎನ್ನುತ್ತಿದ್ದರು. ಯಾದ್ ಎಂದರೆ ನೆನಪು, ನೆನಪನ್ನು ಹಿಡಿದಿಟ್ಟುಕೊಳ್ಳುವ ಊರು ಅದು ಎಂದು ನಮ್ಮ ಮೌಲ್ವಿ ಸಾಹೇಬರು ಪಾಠದ ನಡುವೆ ಹೇಳುತ್ತಿದ್ದರು. ಆ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ನಾನು ಇಲ್ಲಿಯವರೆಗೆ ಮೂರು ಕೊಡೆ ಮರೆತು ಬಂದಿದ್ದೇನೆ.

ಮೌಲ್ವಿ ಸಾಹೇಬರು ನಮಗೆ ಉರ್ದು ಕಲಿಸಿದವರು. ಆ ಕಾಲಕ್ಕೆ ನಮ್ಮದು ನಿಜಾಮರ ರಾಜ್ಯ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಕನ್ನಡ, ಗುಡಿಯಲ್ಲಿ ಕನ್ನಡ; ಶಾಲೆಯ ಹೊಸ್ತಿಲು ದಾಟಿದರೆ ಎಲ್ಲವೂ ಉರ್ದು. ಹೈಸ್ಕೂಲಿಗೆ ನಾವು ಫೌಖಾನಿಯಾ ಎನ್ನುತ್ತಿದ್ದೆವು. ಅಪ್ಪನದು ಬೆಲ್ಲ, ಎಣ್ಣೆಯ ಸಣ್ಣ ಅಂಗಡಿ. ಮಗ ಫೌಖಾನಿಯಾ ಮುಗಿಸಿ ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಾನೆ ಎಂದು ಅಪ್ಪ ಗಿರಾಕಿಗಳಿಗೆಲ್ಲ ಮೊದಲೇ ಹೇಳಿಟ್ಟಿದ್ದ. ನನಗೆ ಉರ್ದು ಚೆನ್ನಾಗಿ ಹಿಡಿಯಿತು. ಹಿಡಿಯದೆ ಉಳಿದದ್ದು ಚುಕ್ಕೆ ಒಂದೇ.

ಉರ್ದು ಬಾರದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ, ಪ, ತ, ನ ಈ ನಾಲ್ಕೂ ಅಕ್ಷರ ಶಬ್ದದ ಮೊದಲಿಗೋ ನಡುವೆಯೋ ಬಂದರೆ ಆಕಾರ ಒಂದೇ, ಬಾಚಣಿಗೆಯ ಹಲ್ಲಿನಂತೆ ಒಂದು ಸಣ್ಣ ಗೆರೆ. ಆ ಹಲ್ಲಿನ ಮೇಲೆ ಒಂದು ಚುಕ್ಕೆ ಇಟ್ಟರೆ ನ, ಎರಡಿಟ್ಟರೆ ತ. ಕೆಳಗೆ ಒಂದಿಟ್ಟರೆ ಬ, ಮೂರಿಟ್ಟರೆ ಪ. ಅ, ಇ, ಉ ಎಂಬ ಹ್ರಸ್ವ ಸ್ವರವನ್ನೂ ಒತ್ತನ್ನೂ ಸಾಮಾನ್ಯವಾಗಿ ಬರೆಯುವುದೇ ಇಲ್ಲ. ನಾನು ಅವಸರದವನು. ಗೆರೆ ಎಳೆದುಕೊಂಡು ಸರಸರ ಮುಂದೆ ಹೋಗಿ, ಚುಕ್ಕೆ ಆಮೇಲೆ ಇಡೋಣ ಎಂದು ಬಿಡುತ್ತಿದ್ದೆ. ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ. ಮೌಲ್ವಿ ಸಾಹೇಬರು ನನ್ನ ಪಾಟಿ ನೋಡಿ, ಇದು ಬರಹವಲ್ಲ, ಹಲ್ಲು ಮಾತ್ರ ಉಳಿದ ಬಾಚಣಿಗೆ ಎಂದು ಬೆರಳ ಗಂಟಿನ ಮೇಲೆ ಒಂದೊಂದು ಏಟು ಕೊಡುತ್ತಿದ್ದರು. ಒಂದು ಚುಕ್ಕೆಗೆ ಒಂದು ಏಟು. ಪ ಬಂದ ದಿನ ನನಗೆ ಅಳುವೇ ಬರುತ್ತಿತ್ತು.

ಹೀಗೆ ಏಟು ತಿಂದು ಕಲಿತ ವಿದ್ಯೆಗೆ ಬೆಲೆ ಬರುವ ಹೊತ್ತಿಗೆ ಪೊಲೀಸ್ ಆ್ಯಕ್ಷನ್ ಆಯಿತು. ಸಂಸ್ಥಾನ ಭಾರತದಲ್ಲಿ ಸೇರಿತು. ಊರಿನವರ ಜೊತೆ ನಾನೂ ಕುಣಿದೆ, ಬಾವುಟ ಹಿಡಿದೆ. ಮನೆಗೆ ಬಂದು ಶಾಲೆಗೆ ಹಾಕಿಕೊಳ್ಳುತ್ತಿದ್ದ ಕೆಂಪು ತುರ್ಕಿ ಟೊಪ್ಪಿಗೆ ತೆಗೆದು ಜೋಳದ ಗುಮ್ಮಿಯ ಹಿಂದೆ ಇಟ್ಟೆ. ಇಲಿ ಅದರಲ್ಲಿ ಮರಿ ಹಾಕಿತು. ಸಂತೋಷ ಸುಳ್ಳಾಗಿರಲಿಲ್ಲ. ಆದರೆ ಆ ಸಂತೋಷದ ಅಡಿಯಲ್ಲಿ ಒಂದು ಭಯ ಕೂತಿತ್ತು, ಅದನ್ನು ಯಾರ ಮುಂದೆಯೂ ಆಡುವಂತಿರಲಿಲ್ಲ. ಇನ್ನು ಮುಂದೆ ಕಚೇರಿಗಳಲ್ಲಿ ಕನ್ನಡ ಬರುತ್ತದಂತೆ ಎಂಬ ಮಾತು ಹಬ್ಬಿತು. ನಾನು ಕನ್ನಡದಲ್ಲಿ ಮಾತಾಡಿ ಮಾತಾಡಿ ಬೆಳೆದವನು, ಬರೆಯಲು ಮಾತ್ರ ಬಾರದು. ಅಂಗಡಿಯ ಬೋರ್ಡನ್ನು ಕೂಡಿಸಿಕೊಂಡು ಓದುತ್ತಿದ್ದೆ, ಬರೆದರೆ ಒತ್ತಕ್ಷರ ಎಲ್ಲೋ ಹೋಗಿ ಬೀಳುತ್ತಿತ್ತು. ಅಪ್ಪ ಒಂದು ದಿನ ತಕ್ಕಡಿ ಒರೆಸುತ್ತ, "ಲೇ, ನೀ ಕಲ್ತಿದ್ದೆಲ್ಲಾ ಆ ಸರ್ಕಾರದ ಗಂಟಿನ ಜೋಡಿನ ಹೋತಲ್ಲೋ" ಎಂದ. ಬೈಗುಳವಲ್ಲ ಅದು, ಕನಿಕರ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ದೇಶಕ್ಕೆಲ್ಲ ಮೊದಲ ಚುನಾವಣೆ ಬರುತ್ತದೆ, ಇಪ್ಪತ್ತೊಂದು ತುಂಬಿದ ಎಲ್ಲ ಗಂಡಸರಿಗೂ ಹೆಂಗಸರಿಗೂ ಓಟು, ಮನೆಮನೆಗೆ ಹೋಗಿ ಹೆಸರು ಬರೆಯುವವರು ಬೇಕು ಎಂದು ತಾಲೂಕು ಕಚೇರಿಯಿಂದ ಕರೆ ಬಂತು. ಕೆಲಸ ತಾತ್ಕಾಲಿಕ, ಚೆನ್ನಾಗಿ ಮಾಡಿದವರನ್ನು ಮುಂದೆ ಖಾಯಂ ಮಾಡಿಕೊಳ್ಳಬಹುದು. ಕಚೇರಿಯ ಪೇಶ್ಕಾರರು, ಎಂದರೆ ಹಿರಿಯ ಗುಮಾಸ್ತರು, ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಕನ್ನಡ ಬರೆಯಲು ಬರುತ್ತದೆಯೇ ಎಂದು. ಬರುತ್ತದೆ ಎಂದೆ. ಬಾರದು ಎಂದು ಆಮೇಲೆ ತಿಳಿದರೆ ಅದೇ ದಿನ ಮನೆಗೆ ಕಳಿಸುತ್ತೇನೆ ಎಂದರು. ಆಗಲಿ ಎಂದು ತಲೆ ಅಲ್ಲಾಡಿಸಿದೆ.

ನನ್ನ ಉಪಾಯ ಇದು. ಊರಲ್ಲಿ ಅವಸರಕ್ಕೆ ಉರ್ದುವಿನಲ್ಲಿ ಗುರುತು ಹಾಕಿಕೊಳ್ಳುವುದು, ಮನೆಗೆ ಬಂದು ನಿಧಾನವಾಗಿ ಕನ್ನಡದಲ್ಲಿ ಶುದ್ಧಪ್ರತಿ ಮಾಡುವುದು. ತಂಗಿಯ ಮೂರನೇ ಇಯತ್ತೆಯ ಪುಸ್ತಕ ಪಕ್ಕದಲ್ಲಿ ಇದ್ದರೆ ಒತ್ತಕ್ಷರಕ್ಕೆ ಆಧಾರವಾಯಿತು ಎಂದುಕೊಂಡೆ.

ಹೆಸರು ಬರೆಯುವ ಕೆಲಸ ಸುಲಭ ಎಂದು ತಿಳಿದಿದ್ದವನಿಗೆ ಮೊದಲ ಊರಿನಲ್ಲೇ ಗರ್ವಭಂಗವಾಯಿತು. ಗಂಡಸರು ಹೆಸರು ಹೇಳುತ್ತಾರೆ, ವಯಸ್ಸು ಹೇಳಲು ಬಾರದು. ಊರಿಗೇ ಸಾವು ತಂದ ದೊಡ್ಡ ಬ್ಯಾನೆ ಬಂದ ವರ್ಷ ತೊಟ್ಟಿಲಲ್ಲಿದ್ದೆ ಎನ್ನುತ್ತಾರೆ. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪು, ಎಂದರೆ ಒಗಟಿನಂಥ ಪದ್ಯ, ಕಟ್ಟಿ ಹೇಳುತ್ತಾರೆ, ಅಷ್ಟೇ. ಒಬ್ಬಾಕೆ ಬಾಗಿಲ ಹಿಂದಿನಿಂದ, "ಐತಾರ ಆದ ಮ್ಯಾಲ ಏನ ಬರ್ತದ್ರಿ?" ಎಂದು ಕೇಳಿದಳು. ಸೋಮವಾರ ಎಂದೆ. "ಅದ ನೋಡ್ರಿ ನಮ್ಮ ಮನಿಯವ್ರು" ಎಂದಳು. ಸೋಮಣ್ಣ ಎಂದು ಬರೆದುಕೊಂಡೆ. ಮತ್ತೊಬ್ಬಾಕೆ, ತನ್ನ ಗಂಡ ತಿಂಥಣಿಯಲ್ಲಿ ಇರುವಾತ ಎಂದಳು. ಅಷ್ಟು ದೂರ ಹೋಗಿದ್ದಾನೆಯೇ ಎಂದೆ. ಒಳಗಿನಿಂದ ನಗು ಬಂತು. ಆತ ನನ್ನ ಎದುರಿಗೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ, ಹೆಸರು ಮೋನಪ್ಪ, ತಿಂಥಣಿಯ ಮೌನೇಶ್ವರನ ಹೆಸರು.

ತಮ್ಮ ಹೆಸರನ್ನಂತೂ ಕೇಳಲೇಬಾರದು. ಪರ ಗಂಡಸಿಗೆ ಹೆಸರು ಹೇಳುವುದು ಎಂದರೆ ಸೆರಗು ಸರಿಸಿದಷ್ಟು ನಾಚಿಕೆ. ಇಂಥವನ ಹೆಂಡತಿ, ಇಂಥವನ ತಾಯಿ ಎನ್ನುತ್ತಿದ್ದರು. ಕಚೇರಿಯಲ್ಲಿ ಪೇಶ್ಕಾರರು, ಹಾಗೆ ಬರೆದರೆ ನಡೆಯುವುದಿಲ್ಲ, ಹೆಸರೇ ಬೇಕು ಎಂದು ಹಾಳೆ ವಾಪಸು ಕೊಟ್ಟರು. ಆಮೇಲೆ ನಾನು ಹಿರಿಯರನ್ನು ಹಿಡಿದು, ಅವರ ಬಾಯಿಂದ ಹೆಂಗಸರ ಹೆಸರು ಬರೆಸಿಕೊಳ್ಳತೊಡಗಿದೆ.

ಹೀಗೆ ತಿರುಗುತ್ತ ಶಹಾಪುರದ ಕಡೆಯ ಒಂದು ದೊಡ್ಡಿಗೆ ಹೋದೆ. ಕುರಿ ಸಾಕುವವರ ಇಪ್ಪತ್ತು ಮನೆ. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ಇದ್ದಾರೆ. ನನ್ನನ್ನು ಮೊದಲು ಎದುರುಗೊಂಡವು ನಾಯಿಗಳು. ಕುರಿ ಕಾಯುವ ನಾಯಿಗೂ ಸರ್ಕಾರಕ್ಕೂ ಎಂದಿಗೂ ಆಗಿಬರುವುದಿಲ್ಲ. ನಾನು ಒಂದು ಬಂಡೆಗಲ್ಲು ಹತ್ತಿ ನಿಂತೆ. ಬಂದವರೆಲ್ಲ ಕೆಳಗೆ ನಿಂತು ಹೆಸರು ಹೇಳಿದರು, ನಾನು ಮೇಲೆ ನಿಂತು ಒಂದು ಕಣ್ಣು ನಾಯಿಯ ಮೇಲೆ, ಒಂದು ಕಣ್ಣು ಹಾಳೆಯ ಮೇಲೆ ಇಟ್ಟು ಪೆನ್ಸಿಲ್ ಓಡಿಸಿದೆ. ಹಿರಿಯನೊಬ್ಬ, ಇನ್ನು ಮಾಳಪ್ಪನ ಹೆಂಡತಿ, ಮಾಳಪ್ಪ ಸತ್ತು ನಾಲ್ಕು ವರ್ಷವಾಯಿತು, ಎಂದು ಹೇಳುತ್ತಿರುವಾಗಲೇ ಉಣ್ಣೆ ನೂಲುತ್ತ ನಿಂತಿದ್ದ ನಡುವಯಸ್ಸಿನ ಹೆಂಗಸು ಮುಂದೆ ಬಂದಳು. ನನ್ನ ಹೆಸರು ನಾನೇ ಹೇಳುತ್ತೇನೆ, ಬರೆದುಕೋ ಎಂದು ಹೆಸರು ಹೇಳಿದಳು. ಅಲ್ಲಿದ್ದ ಗಂಡಸರು ಬೇರೆ ಕಡೆ ಮುಖ ತಿರುಗಿಸಿದರು. ಎಷ್ಟೋ ಊರಿನಲ್ಲಿ ತನ್ನ ಹೆಸರನ್ನು ತಾನೇ ಹೇಳಿದ ಹೆಂಗಸು ಆಕೆ ಒಬ್ಬಳೇ. ಆ ಬೆರಗಿಗೋ, ಅದೇ ಹೊತ್ತಿಗೆ ಬಂಡೆ ಹತ್ತಲು ಕಾಲು ಎತ್ತಿದ ಕರಿನಾಯಿಯ ಭಯಕ್ಕೋ, ಗೆರೆ ಎಳೆದೆ, ಚುಕ್ಕೆ ಇಡಲಿಲ್ಲ.

ಶುದ್ಧಪ್ರತಿ ಮಾಡಲು ಕೂತದ್ದು ತಿಂಗಳ ಮೇಲೆ. ಬಿಸಿಲಿನ ಮಧ್ಯಾಹ್ನ, ತಂಗಿಯ ಪುಸ್ತಕ, ನನ್ನ ಬಾಚಣಿಗೆ ಬರಹ. ಗಂಡ ಮಾಳಪ್ಪ ಎಂಬುದು ಚೆನ್ನಾಗಿ ಕಂಡಿತು. ಅದರ ಹಿಂದೆ ಎರಡು ಹಲ್ಲು, ಆಮೇಲೆ ಮ್ಮ. ಪುನ್ನಮ್ಮ ಇರಬಹುದು. ಬನ್ನಮ್ಮ ಇರಬಹುದು. ತಿಪ್ಪಮ್ಮ ಇರಬಹುದು. ಮುಖ ನೆನಪಿತ್ತು, ನೂಲು ನೆನಪಿತ್ತು, ನಾಯಿಯಂತೂ ಕನಸಿನಲ್ಲೂ ಬರುತ್ತಿತ್ತು, ಹೆಸರು ಮಾತ್ರ ಹೋಗಿತ್ತು. ಮತ್ತೆ ಹೋಗಿ ಕೇಳಿ ಬರಬೇಕಿತ್ತು. ಒಂದು ದಿನದ ದಾರಿ. ಹಾಳೆ ಒಪ್ಪಿಸಲು ಎರಡೇ ದಿನ ಉಳಿದಿತ್ತು, ಮತ್ತೆ ಹೋಗಿದ್ದು ಯಾಕೆ ಎಂದು ಪೇಶ್ಕಾರರು ಕೇಳಿದರೆ ಉರ್ದು ಹಾಳೆ ಹೊರಬೀಳುತ್ತಿತ್ತು.

ಇದು ಬರೀ ಮರೆವಿನ ತಪ್ಪು ಎಂದು ಬರೆದು ಮುಗಿಸಿದರೆ ನೀವು ನಂಬುತ್ತೀರಿ. ಆದರೆ ನಿಜ ಹೇಳಲು ಕೂತಿದ್ದೇನಲ್ಲ. ಆ ಮಧ್ಯಾಹ್ನ ತಿಪ್ಪಮ್ಮ ಎಂಬುದೇ ನನ್ನ ನಾಲಿಗೆಗೆ ಮೊದಲು ಬಂದಿತ್ತು. ಎರಡು ಸಲ ಬಂದಿತ್ತು. ಆದರೆ ತಿಪ್ಪೆಯ ಹೆಸರನ್ನು ಯಾವ ಹೆಂಗಸು ಅಷ್ಟು ಗಟ್ಟಿಯಾಗಿ ಹೇಳುತ್ತಾಳೆ ಎನಿಸಿತು. ಸ್ವತಂತ್ರ ದೇಶದ ಮೊದಲ ಪಟ್ಟಿ, ಅದರಲ್ಲಿ ತಿಪ್ಪೆ ಯಾಕೆ ಎಂದುಕೊಂಡೆ. ಬನ್ನಮ್ಮ ಎಂದು ಬರೆದೆ. ಬನ್ನಿಗಿಡದ ಹೆಸರು, ಚೆಂದದ ಹೆಸರು, ಆಕೆಗೆ ಉಪಕಾರ ಮಾಡಿದೆ ಎಂಬ ಭಾವನೆಯೂ ಒಂದಿಷ್ಟು ಇತ್ತು. ಒತ್ತಕ್ಷರ ಸರಿಯಾಗಿ ಬಿತ್ತು. ಅಕ್ಷರ ದುಂಡಗಿವೆ ಎಂದು ಪೇಶ್ಕಾರರು ಹೊಗಳಿದರು.

ಪಟ್ಟಿಯನ್ನು ಚಾವಡಿಯ ಗೋಡೆಗೆ ಹಚ್ಚಿದರು, ತಕರಾರು ಇದ್ದವರು ಹೇಳಬಹುದು ಎಂದು. ದೊಡ್ಡಿಯವರಲ್ಲಿ ಓದು ಬಂದವರು ಒಬ್ಬರೂ ಇರಲಿಲ್ಲ. ತಕರಾರು ಬರಲಿಲ್ಲ.

ಓಟಿನ ದಿನ ನನ್ನನ್ನು ಅದೇ ಭಾಗದ ಒಂದು ಊರಿನ ಶಾಲೆಗೆ ಹಾಕಿದರು, ಪಟ್ಟಿ ನೋಡಿ ಹೆಸರು ಗುರುತು ಹಾಕುವ ಕೆಲಸಕ್ಕೆ. ಮತಗಟ್ಟೆಯ ಅಧಿಕಾರಿ ಹೈದರಾಬಾದಿನಿಂದ ಬಂದವರು, ಮಿತಭಾಷಿ, ಸಭ್ಯರು, ಕನ್ನಡದ ಒಂದು ಶಬ್ದ ಬಾರದು. ಹಾಗಾಗಿ ಜನ ಹೇಳಿದ್ದನ್ನು ಅವರಿಗೆ ಹೇಳುವ ಕೆಲಸವೂ ನನ್ನದಾಯಿತು. ಹೆಂಗಸರ ಸಾಲು ಬೇರೆ. ಒಳಗೆ ಅಭ್ಯರ್ಥಿಗೊಂದರಂತೆ ಚಿಹ್ನೆಯ ಚಿತ್ರ ಅಂಟಿಸಿದ ಪೆಟ್ಟಿಗೆಗಳ ಸಾಲು. ಕೆಲವರು ಪೆಟ್ಟಿಗೆಗೆ ಕೈಮುಗಿದು ಬಂದರು, ಒಬ್ಬಾಕೆ ಕುಂಕುಮ ಹಚ್ಚಿ ಬಂದಳು. ನನಗೆ ನಗು ಬರಲಿಲ್ಲ. ಬೆಳಿಗ್ಗೆಯಿಂದ ನನ್ನ ಕಣ್ಣು ಸಾಲಿನ ಮೇಲೆಯೇ ಇತ್ತು. ದೊಡ್ಡಿಯವರು ಬರದೆ ಇರಲಿ ಎಂದು ದೇವರನ್ನು ಬೇಡಿಕೊಂಡೆ. ಪ್ರಜಾಪ್ರಭುತ್ವಕ್ಕೆ ನಾನು ಸಲ್ಲಿಸಿದ ಮೊದಲ ಪ್ರಾರ್ಥನೆ ಅದು.

ಊಟದ ಹೊತ್ತಿಗಿಂತ ಮುಂಚೆ ಬಂದರು. ಉಣ್ಣೆ ನೂಲುತ್ತಿದ್ದ ಆಕೆಯ ಜೊತೆ ಸೊಸೆ ಇದ್ದಳು, ಪಟ್ಟಿ ಬರೆಯುವ ಮುಂಚೆಯಷ್ಟೇ ಮನೆ ತುಂಬಿದ ಸೊಸೆ. ಅಂದು ಬಂಡೆಯ ಮೇಲೆ ಬಿಸಿಲಿಗೆ ತಲೆ, ಮುಖ ಸುತ್ತಿಕೊಂಡು ನಿಂತಿದ್ದವನ ಗುರುತು ಆಕೆಗೆ ಸಿಗಲಿಲ್ಲ. ಹೆಸರು ಕೇಳಿದೆ, ತಲೆ ಎತ್ತದೆ.

"ತಿಪ್ಪಮ್ಮ" ಎಂದಳು.

ಕೇಳಿದ ಕೂಡಲೇ ಐದೂ ಚುಕ್ಕೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಮೇಲೆ ಎರಡು, ಕೆಳಗೆ ಮೂರು. ನಾನು ಪಟ್ಟಿಯ ಮೇಲೆ ಬೆರಳು ಓಡಿಸುತ್ತ, ಹುಡುಕಿದಂತೆ ಮಾಡಿ, ಮಾಳಪ್ಪನ ಹೆಂಡತಿ ಎಂದು ಇಲ್ಲಿರುವುದು ಬನ್ನಮ್ಮ ಎಂದೆ. ಆಕೆ ತಿಪ್ಪಮ್ಮ ಎಂದೇ ಮತ್ತೆ ಹೇಳಿದಳು. ಸಾಲು ನಿಂತಿತು. ಹಿಂದಿನ ಹೆಂಗಸರು, ಹೂಂ ಅಂದು ಒಳಗೆ ಹೋಗಬಾರದೇ ಎಂದು ಗೊಣಗಿದರು. ಸೊಸೆ ಸೆರಗು ಜಗ್ಗಿ, ಅತ್ತೀ, ಬನ್ನಮ್ಮ ಅಂತ ಒಂದು ಸಲ ಹೇಳಿಬಿಡು ಎಂದಳು. ಅವರಿಗೆಲ್ಲ ಅದು ದೊಡ್ಡ ಮಾತಾಗಿರಲಿಲ್ಲ. ಬಹಳ ಹೆಂಗಸರಿಗೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು. ಸರ್ಕಾರದ್ದು ಒಂದು ಹೆಚ್ಚಾದರೆ ಏನಾಯಿತು?

ಆಕೆ ಆಗ ಅಧಿಕಾರಿಯ ಕಡೆ ತಿರುಗಿ, ಅವರಿಗೆ ತಿಳಿಯುವುದಿಲ್ಲ ಎಂಬುದು ತಿಳಿಯದೆ, ಅವರಿಗೇ ಹೇಳಿದಳು. ತನಗಿಂತ ಮೊದಲು ಹುಟ್ಟಿದ ಐದು ಮಕ್ಕಳು ತೊಟ್ಟಿಲಲ್ಲೇ ಹೋದವು. ತಾನು ಹುಟ್ಟಿದ ದಿನ ಅಪ್ಪ ತನ್ನನ್ನು ಒಯ್ದು ತಿಪ್ಪೆಯ ಮೇಲೆ ಹಾಕಿ, ಕಸ ಎತ್ತಿಕೊಂಡಂತೆ ಎತ್ತಿಕೊಂಡು ಬಂದ. ಕಸ ಎಂದು ತಿಳಿದು ಸಾವು ಮುಟ್ಟದೆ ಹೋಯಿತು. ಬೇರೆ ಯಾವ ಹೆಸರಿಗೂ ಓ ಅನ್ನಬೇಡ ಎಂದು ಅವ್ವ ಆಣೆ ಹಾಕಿಸಿದ್ದಳು. ಮದುವೆಯಲ್ಲಿ ಗಂಡನ ಮನೆಯವರು ಹೆಸರು ಬದಲಿಸುತ್ತೇವೆ ಎಂದಾಗ ಅಪ್ಪ ಒಪ್ಪಲಿಲ್ಲ. ಇಷ್ಟು ಹೇಳಿ, ಕೊನೆಗೆ ಒಂದು ಮಾತು ಹೇಳಿದಳು.

"ಸಾವಿಗೆ ಹೇಳಿದ ಹೆಸರು ಅದರಿ. ಸಾವಿಗೆ ಒಂದು, ನಿಮಗ ಒಂದು ಹೇಳಾಕ ಬರಂಗಿಲ್ಲ."

ಅಧಿಕಾರಿ ನನ್ನನ್ನು ನೋಡಿದರು. ಏನು ಹೇಳುತ್ತಿದ್ದಾಳೆ ಎಂದರು. ತನ್ನ ಹೆಸರು ಬೇರೆ ಎನ್ನುತ್ತಿದ್ದಾಳೆ ಎಂದೆ.

"ಇತ್ತಾ ಲಂಬಾ ಬೋಲೀ, ಔರ್ ಕ್ಯಾ ಬೋಲೀ?" ಎಂದರು. ಇಷ್ಟುದ್ದ ಮಾತಾಡಿದಳಲ್ಲ, ಮತ್ತೇನು ಹೇಳಿದಳು?

"ಔರ್ ಕುಛ್ ನೈ ಸಾಬ್" ಎಂದೆ. ಮತ್ತೇನೂ ಇಲ್ಲ.

ಅವರು ಒಳ್ಳೆಯವರು. ತಮಗೆ ಓದಲು ಬಾರದ ಪಟ್ಟಿಯ ಮೇಲೆ ಬೆರಳಿಟ್ಟು, ಗಂಡನ ಹೆಸರನ್ನು ನನ್ನಿಂದ ಓದಿಸಿಕೊಂಡು, ಆಕೆಯನ್ನೂ ಕೇಳಿಸಿದರು. ಇದು ಬರೆದವರ ತಪ್ಪು ಆಗಿರಬಹುದು, ಗಂಡನ ಹೆಸರು ಕೂಡುತ್ತದೆ, ಬರೆದವರು ಯಾರು ಎಂದು ತಿಳಿದರೆ, ಇವಳೇ ಅವಳು ಎಂದು ಅವರು ಹೇಳಿದರೆ, ನಾನು ಬಿಡಬಲ್ಲೆ ಎಂದರು. ಈ ಊರುಗಳ ಪಟ್ಟಿ ಯಾರು ಬರೆದದ್ದು, ನಿನಗೆ ಗೊತ್ತೇ ಎಂದು ಕೇಳಿದರು.

ಗೊತ್ತಿಲ್ಲ ಎಂದೆ.

ಆಕೆ ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದಳು. ನಾವು ಆಡಿದ ಭಾಷೆ ಅವಳಿಗೆ ತಿಳಿಯದು. ನಾನು ತನ್ನ ಪರವಾಗಿ ಏನೋ ಹೇಳುತ್ತಿದ್ದೇನೆ ಎಂದುಕೊಂಡಿದ್ದಳು. ಅಧಿಕಾರಿ ಆಗದು ಎಂದು ತಲೆ ಅಲ್ಲಾಡಿಸಿದಾಗ, ನನ್ನ ಕಡೆ ನೋಡಿ, "ಇರಲಿ ಬಿಡು ತಮ್ಮಾ, ನೀ ಹೇಳಿ ನೋಡಿದಿ" ಎಂದಳು.

ಸೊಸೆ ಒಳಗೆ ಹೋಗಿ ಓಟು ಹಾಕಿ ಬಂದಳು. ಆಕೆ ಹೊರಗೆ ಗೋಡೆಯ ನೆರಳಿಗೆ ಕೂತಳು. ನೆರಳು ಸರಿದಂತೆ ಸರಿದು ಕೂತಳು. ಪೆಟ್ಟಿಗೆಗೆ ಅರಗಿನ ಮುದ್ರೆ ಬೀಳುವವರೆಗೂ ಇದ್ದಳು. ಯಾರಾದರೂ ಕರೆಯಬಹುದು ಎಂದಿತ್ತೋ ಏನೋ. ಪೆಟ್ಟಿಗೆಗಳನ್ನು ಬಂಡಿಗೆ ಏರಿಸುವಾಗ ಹತ್ತಿರ ಬಂದು, ಇದು ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದಳು. ಐದು ವರ್ಷಕ್ಕೆ ಎಂದೆ. ಅಲ್ಲಿಯವರೆಗೆ ಇರುತ್ತೇನೆ ಬಿಡು ಎಂದು ಹೋದಳು.

ನನ್ನ ಕೆಲಸ ಖಾಯಂ ಆಯಿತು. ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದ. ನಾನು ಒಂದು ಕುರ್ಚಿಯಲ್ಲಿ ಕೂತು ಐದು ವರ್ಷ ಟಪಾಲಿನ ಚೀಲ ಬಿಚ್ಚುವ ಸಪ್ಪಳಕ್ಕೆ ಬೆವರಿದೆ. ದೊಡ್ಡ ಲಕೋಟೆ ಬಂದರೆ ನನ್ನ ಮೇಲಿನ ಅರ್ಜಿ ಎನಿಸುತ್ತಿತ್ತು. ಪೇಶ್ಕಾರರು ಸುಮ್ಮನೆ ಕರೆದರೂ ಸಿಕ್ಕಿಬಿದ್ದೆ ಎಂದುಕೊಳ್ಳುತ್ತಿದ್ದೆ. ಅವರು ಕರೆದದ್ದು ಹೆಚ್ಚಾಗಿ ಚಹಾ ತರಿಸಲು. ಆ ಭಯದಲ್ಲೇ ಕನ್ನಡ ಕಲಿತೆ. ತಂಗಿಯ ಮೂರನೇ ಇಯತ್ತೆ ಮುಗಿದು ಏಳನೆಯದಕ್ಕೆ ಬರುವ ಹೊತ್ತಿಗೆ ನಾನೂ ಅವಳ ಹಿಂದೆಯೇ ಏಳಕ್ಕೆ ಬಂದೆ.

ಆಮೇಲೆ ಹೈದರಾಬಾದ್ ರಾಜ್ಯವೇ ಒಡೆದು, ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಗೆ ಆ ಕಡೆಯ ಸಾಹೇಬರು ಬಂದರು. ನಾವು ಅವರೊಂದಿಗೆ ಮಾತಾಡಿದರೆ ಜಗಳಕ್ಕೆ ಬಂದಿದ್ದೇವೆ ಎಂದು ತಿಳಿಯುತ್ತಿದ್ದರು. "ಬರ್ರಿ, ಕೂಡ್ರಿ" ಎಂದರೆ ಒಬ್ಬರು ಬೆಚ್ಚಿ ಎದ್ದೇ ನಿಂತಿದ್ದರು. ಅಂಥ ಸಾಹೇಬರ ಕಾಲದಲ್ಲಿ ಎರಡನೆಯ ಚುನಾವಣೆಯ ಪಟ್ಟಿ ನನ್ನ ಮೇಜಿಗೆ ಬಂತು. ಹಳೆಯ ಪಟ್ಟಿ ನೋಡಿ ಹೊಸದನ್ನು ಮಾಡಿದ್ದರು. ಬನ್ನಮ್ಮ, ಗಂಡ ಮಾಳಪ್ಪ. ನಾನು ಹುಟ್ಟಿಸಿದ ಹೆಂಗಸು ಐದು ವರ್ಷ ದೊಡ್ಡವಳಾಗಿ ಅಲ್ಲೇ ಕೂತಿದ್ದಳು.

ತಿದ್ದುಪಡಿಯ ಫಾರ್ಮು ತೆಗೆದುಕೊಂಡು ದೊಡ್ಡಿಗೆ ಹೋದೆ. ಯಾರೂ ಕಳಿಸಿರಲಿಲ್ಲ, ನಾನೇ ಹೋದೆ. ಇದರಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದು ಇದನ್ನು ಬರೆದಿದ್ದೇನೆ, ಮುಂದೆ ಅದೂ ಉಳಿಯುವುದಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಕೂಡಿಸಿಕೊಂಡೆ. ಆಕೆ ಇದ್ದಳು. ಕೂದಲು ಅರ್ಧ ನೆರೆತಿತ್ತು. ಸೊಸೆ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಕೂತು, ಅಂದು ಪಟ್ಟಿ ಬರೆದವನು ನಾನೇ, ಹೆಸರು ತಪ್ಪು ಬರೆದವನು ನಾನೇ, ಸಾಹೇಬರು ಕೇಳಿದಾಗ ಗೊತ್ತಿಲ್ಲ ಎಂದವನೂ ನಾನೇ ಎಂದು ಹೇಳಿದೆ. ಎಲ್ಲ ಹೇಳಿದೆ. ತಲೆ ತಗ್ಗಿಸಿಯೇ ಹೇಳಿದೆ.

ಆಕೆ ನೂಲು ತಿರುವುತ್ತಲೇ ಕೇಳಿದಳು.

"ಖರೇ ಹೇಳಿದ್ದರ ಏನಾಗ್ತಿತ್ತು ನಿನಗ?"

"ನೌಕರಿ ಹೋಗ್ತಿತ್ತು, ಯವ್ವಾ."

"ಹೋದ್ರ ಕುರಿ ಕಾಯಾಕ ಬರಬೇಕಿತ್ತು. ನಮ್ಮ ಮನ್ಯಾಗ ಎಂಟ ಮಂದಿ ಅದ ಮಾಡಾಕತ್ತಾರ. ಯಾರೂ ಸತ್ತಿಲ್ಲ."

ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೂ ನಗು ಬಂದಂತಾಯಿತು, ಬರಲಿಲ್ಲ. ಫಾರ್ಮು ಬಿಚ್ಚಿದೆ. ತಿಪ್ಪಮ್ಮ ಎಂದು ದೊಡ್ಡದಾಗಿ, ದುಂಡಗೆ ಬರೆದೆ. ಎಲ್ಲಿ ಎಂದಳು, ತೋರಿಸಿದೆ. ಬೆರಳಿನಿಂದ ಮುಟ್ಟಿ, ಇಷ್ಟೇನಾ ಎಂದಳು. ಅದರ ಕೆಳಗೆ ಒಂದು ಚೌಕದ ಮನೆ ಖಾಲಿ ಇತ್ತು. ತಪ್ಪು ಹೇಗಾಯಿತು, ಯಾರಿಂದ ಆಯಿತು ಎಂದು ಬರೆಯಬೇಕಾದ ಮನೆ.

ಪೆನ್ನು ಅಲ್ಲಿ ನಿಂತಿತು. ಬಾಯಿಂದ ಆಕೆಯ ಮುಂದೆ ಹೇಳುವುದು ಬೇರೆ, ಸಾಹೇಬರು ಓದುವ ಕಾಗದದ ಮೇಲೆ ಬರೆಯುವುದು ಬೇರೆ. ಆ ವರ್ಷ ನನ್ನ ಮದುವೆ ನಿಶ್ಚಯವಾಗಿತ್ತು. ಹೊಸ ಸಾಹೇಬರು ಕಟ್ಟುನಿಟ್ಟಿನವರು. ನಾನು ಬರೆದೆ: ಅಚ್ಚಿನ ತಪ್ಪು.

"ಏನ ಬರದಿ? ಓದು" ಎಂದಳು.

ನಾನು ಓದಿದೆ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಅದರಲ್ಲಿ ಇಲ್ಲದ ಮಾತನ್ನು, ನಿಲ್ಲಿಸಿ ನಿಲ್ಲಿಸಿ, ಇದ್ದಂತೆಯೇ ಓದಿದೆ: ತಿಪ್ಪಮ್ಮನ ಹೆಸರನ್ನು ತಪ್ಪು ಬರೆದವನು ನಾನು. ಕೇಳಿದಾಗ ಸುಳ್ಳು ಹೇಳಿ ಆಕೆಯ ಓಟು ತಪ್ಪಿಸಿದವನು ನಾನು. ತಪ್ಪು ನನ್ನದು.

ಆಕೆಯ ಮುಖ ಬದಲಾಯಿತು. ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆ ಓದಿದೆ. ಸೊಸೆಯನ್ನು ಕರೆದು, ಕೇಳು ಎಂದಳು. ಮೂರನೆಯ ಸಲ ಓದಿದೆ. ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು ಆ ಮನೆಯ ಕೆಳಗೆ ಗಟ್ಟಿಯಾಗಿ ಒತ್ತಿದಳು. ಆಡಿನ ಹಾಲಿನ ಚಹಾ ಮಾಡಿಸಿದಳು. ನಾನು ಕುಡಿದೆ. ಹೊರಡುವಾಗ, ಬರುವಾಗ ಬೊಗಳಿದ ನಾಯಿಯನ್ನು ತಾನೇ ಹಿಡಿದುಕೊಂಡು ದೊಡ್ಡಿಯ ಅಂಚಿನವರೆಗೆ ಬಂದು ಕಳಿಸಿದಳು.

ಆ ಸಲ ಆಕೆ ಓಟು ಹಾಕಿದಳು. ಆಮೇಲೆ ಬಂದ ಎಲ್ಲ ಚುನಾವಣೆಯಲ್ಲೂ ಹಾಕಿದಳು ಎಂದು ಕೇಳಿದ್ದೇನೆ. ನಾನು ಆ ಕಡೆ ಮತ್ತೆ ಹೋಗಲಿಲ್ಲ. ನಾನು ನಿವೃತ್ತನಾದೆ, ಭೀಮರಾಯನಗುಡಿಯ ಕಡೆಯಿಂದ ಕಾಲುವೆ ಬಂತು, ಜೋಳದ ಹೊಲದಲ್ಲಿ ನೆಲ್ಲು ನಿಂತಿತು, ಕುರಿಗಳಿಗೆ ಬಯಲು ಕಡಿಮೆಯಾಯಿತು.

ಕೆಲವು ವರ್ಷಗಳ ಹಿಂದೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಒಬ್ಬ ಮುದುಕಿ ನನ್ನನ್ನೇ ದಿಟ್ಟಿಸಿ ನೋಡಿ ಹತ್ತಿರ ಬಂದಳು. ಸೊಸೆ. ನನಗೆ ಗುರುತು ಸಿಗಲಿಲ್ಲ, ಅವಳಿಗೆ ಸಿಕ್ಕಿತ್ತು. ಅತ್ತೆ ಹೋಗಿ ಬಹಳ ವರ್ಷವಾಯಿತಂತೆ. ಜೊತೆಗಿದ್ದವರನ್ನೆಲ್ಲ ಕರೆದು, ಇವರೇ ಅವರು ಎಂದಳು. ಅವರಲ್ಲಿ ಇಬ್ಬರು ನನ್ನ ಕಾಲು ಮುಟ್ಟಿದರು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ, ಬೆಂಚಿನ ಅಡಿಗೆ ಎಳೆದುಕೊಂಡೆ, ಅದನ್ನು ಅವರು ವಿನಯ ಎಂದುಕೊಂಡರು.

"ನಮ್ಮತ್ತಿ ಸಾಯೂತನಕ ಹೇಳ್ತಿದ್ದಳ್ರಿ. ಸರ್ಕಾರದಾಗ ಒಬ್ಬ ಮನಷ್ಯಾನ್ನ ನಾ ನೋಡೀನಿ, ತಪ್ಪು ನಂದ ಅಂತ ತನ್ನ ಕೈಲೆ ಬರದು ಕೊಟ್ಟ ಅಂತ."

ಅವರ ಬಸ್ಸು ಬಂತು, ಹೋದರು. ನನ್ನ ಬಸ್ಸೂ ಬಂದಿತ್ತಂತೆ. ನಾನು ಕೂತೇ ಇದ್ದೆ.

ಆ ಫಾರ್ಮು ಈಗ ಎಲ್ಲಿಯೂ ಇರಲಾರದು. ಇದ್ದರೂ ಆ ಮನೆಯಲ್ಲಿ ಅಚ್ಚಿನ ತಪ್ಪು ಎಂಬ ಎರಡು ಶಬ್ದ, ಅದರ ಕೆಳಗೆ ಒಂದು ಹೆಬ್ಬೆಟ್ಟು. ತಿಪ್ಪಮ್ಮನ ಹೆಸರನ್ನು ತಪ್ಪು ಬರೆದವನು ನಾನು. ಕೇಳಿದಾಗ ಸುಳ್ಳು ಹೇಳಿ ಆಕೆಯ ಓಟು ತಪ್ಪಿಸಿದವನು ನಾನು. ತಪ್ಪು ನನ್ನದು. ಅವತ್ತು ಆಕೆಗೆ ಓದಿ ಹೇಳಿದ್ದನ್ನು ಇವತ್ತು ಬರೆದಿದ್ದೇನೆ.